ಉತ್ತರ ಹೇಳಬೇಡಿ, ಪ್ರಶ್ನೆ ಕೇಳಿ

ಒಬ್ಬನ ಮನೆ ಹತ್ತನೇ ಮಹಡಿಯಲ್ಲಿದೆ. ದಿನಾ ಬೆಳಿಗ್ಗೆ ಲಿಫ್ಟ್ ಹತ್ತಿ ನೇರವಾಗಿ ನೆಲಮಹಡಿಗೆ ಇಳಿದು ಕೆಲಸಕ್ಕೆ ಹೋಗುತ್ತಾನೆ. ಸಂಜೆ ಬರುವಾಗ ಮಾತ್ರ ಏಳನೇ ಮಹಡಿಯಲ್ಲೇ ಲಿಫ್ಟ್‌ನಿಂದ ಇಳಿದು, ಉಳಿದ ಮೂರು ಮಹಡಿ ಮೆಟ್ಟಿಲು ಹತ್ತುತ್ತಾನೆ. ಮಳೆ ಬಂದ ದಿನ ನೇರ ಹತ್ತಕ್ಕೇ ಹೋಗುತ್ತಾನೆ. ಯಾಕೆ?

ಬೇಸಿಗೆ ಶಿಬಿರದಲ್ಲಿ ನಾನು ಈ ಒಗಟು ಹೇಳಿ ಮುಗಿಸುವ ಮೊದಲೇ ಕೈಗಳು ಮೇಲೇಳುತ್ತವೆ. ‘ವ್ಯಾಯಾಮಕ್ಕೆ ಸಾರ್!’ ‘ಏಳನೇ ಮಹಡೀಲಿ ಫ್ರೆಂಡ್ ಇದಾನೆ ಸಾರ್!’ ‘ಲಿಫ್ಟ್ ಕೆಟ್ಟೋಗಿರತ್ತೆ!’ ಹತ್ತು ನಿಮಿಷದಲ್ಲಿ ಇಪ್ಪತ್ತು ಉತ್ತರ ಬಂದಿರುತ್ತವೆ, ಪ್ರಶ್ನೆ ಒಂದೂ ಬಂದಿರುವುದಿಲ್ಲ. ಮಕ್ಕಳನ್ನು ಕರೆದೊಯ್ಯಲು ಬಂದ ಅಪ್ಪ ಅಮ್ಮಂದಿರೂ ಬಾಗಿಲಲ್ಲಿ ನಿಂತು ಇದನ್ನೇ ಮಾಡುತ್ತಾರೆ. ಯಾವುದೂ ಹೊಂದದಿದ್ದಾಗ ‘ಇದೆಲ್ಲ ತಲೆ ಇದ್ದವರಿಗೆ ಬಿಡಿ’ ಎಂದು ಕೈಬಿಡುತ್ತಾರೆ. ನನಗೆ ಬೇಸರವಾಗುವುದು ಆ ಮಾತಿಗೆ. ಇದಕ್ಕೆ ವಿಶೇಷ ತಲೆ ಬೇಡ, ಕೇಳುವ ಕ್ರಮ ಬೇಕು. ಅದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು.

ಹಿನ್ನೆಲೆ ಎರಡೇ ಮಾತಿನಲ್ಲಿ: ಇಂಥವನ್ನು ಇಂಗ್ಲಿಷಿನಲ್ಲಿ ‘ಲ್ಯಾಟರಲ್ ಥಿಂಕಿಂಗ್’ ಒಗಟು ಎನ್ನುತ್ತಾರೆ. ‘ಲ್ಯಾಟರಲ್ ಥಿಂಕಿಂಗ್’ ಎಂಬ ಹೆಸರನ್ನು 1967ರಲ್ಲಿ ಬಳಕೆಗೆ ತಂದವರು ಮಾಲ್ಟಾದಲ್ಲಿ ಹುಟ್ಟಿದ ವೈದ್ಯ, ಲೇಖಕ ಎಡ್ವರ್ಡ್ ಡಿ ಬೋನೊ. ಜಪಾನ್, ಚೀನಾಗಳಲ್ಲಿ ಈ ಬಗೆಯ ಒಗಟಿಗೆ ‘ಆಮೆ ಸೂಪ್’ ಎಂದೇ ಹೆಸರು. ಹೋಟೆಲಿನಲ್ಲಿ ಸೂಪ್ ಕುಡಿದವನೊಬ್ಬನ ಹಳೆಯ ಒಗಟಿನಿಂದ ಅದು ಬಂತು. ನಮ್ಮ ಅಜ್ಜಿಯರು ಹೇಳುತ್ತಿದ್ದ ಒಗಟಿನಲ್ಲಿ ಬೇಕಾದ ಸುಳಿವೆಲ್ಲ ಮಾತಿನೊಳಗೇ ಅಡಗಿರುತ್ತದೆ. ಇಲ್ಲಿ ಹಾಗಲ್ಲ. ಕಥೆಯ ಮುಖ್ಯ ಭಾಗವನ್ನೇ ಹೇಳುವವರು ಮುಚ್ಚಿಟ್ಟುಕೊಂಡಿರುತ್ತಾರೆ. ಅದನ್ನು ಕೇಳಿ ಕೇಳಿಯೇ ಹೊರಗೆ ತೆಗೆಯಬೇಕು. ‘ಥಟ್ ಅಂತ’ ಹೇಳುವ ಆಟ ಇದಲ್ಲ.

ಆಟದ ನಿಯಮ ಹೀಗಿದೆ. ಒಬ್ಬರಿಗೆ ಪೂರ್ತಿ ಕಥೆ ತಿಳಿದಿದೆ. ಉಳಿದವರು ಹೌದು ಅಥವಾ ಅಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಗಳನ್ನಷ್ಟೇ ಕೇಳಬೇಕು. ಜೊತೆಗೆ ಇನ್ನೆರಡು ಉತ್ತರಗಳಿಗೂ ಅವಕಾಶ ಇಟ್ಟುಕೊಳ್ಳಿ: ‘ಸಂಬಂಧವಿಲ್ಲ’ ಮತ್ತು ‘ಪ್ರಶ್ನೆಯೇ ಸರಿಯಿಲ್ಲ’. ಈ ನಾಲ್ಕನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ‘ಅವನು ಹೆಂಡತಿಗೆ ಹೆದರಿ ಮೆಟ್ಟಿಲು ಹತ್ತುತ್ತಾನಾ?’ ಎಂದು ಕೇಳಿದರೆ, ಅವನಿಗೆ ಹೆಂಡತಿಯೇ ಇಲ್ಲದಿದ್ದರೆ ಏನು ಹೇಳುವುದು? ಬರೀ ‘ಇಲ್ಲ’ ಎಂದರೆ ಕೇಳಿದವರ ಮನಸ್ಸಿನಲ್ಲಿ ಒಬ್ಬ ಹೆಂಡತಿ ಉಳಿದೇಹೋಗುತ್ತಾಳೆ.

ಮೊದಲ ಹಂತ: ಒಗಟನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ

ಕೇಳಿದ್ದನ್ನು ಜೋರಾಗಿ ಒಮ್ಮೆ ಹೇಳಿ. ಹೇಳುವಾಗ ನೀವು ಸೇರಿಸಿಕೊಂಡದ್ದು ಗೊತ್ತಾಗುತ್ತದೆ. ಮೇಲಿನ ಒಗಟನ್ನು ತಿರುಗಿ ಹೇಳುವಾಗ ಹೆಚ್ಚಿನವರು ‘ಏಳನೇ ಮಹಡಿಯಲ್ಲಿ ಇಳಿಯಲು ಅವನಿಗೆ ಇಷ್ಟ’ ಎಂದು ಸೇರಿಸುತ್ತಾರೆ. ನಾನು ಹಾಗೆ ಹೇಳಿಲ್ಲ. ಇಳಿಯುತ್ತಾನೆ ಎಂದಷ್ಟೇ ಹೇಳಿದ್ದು.

ಎರಡನೇ ಹಂತ: ಅರ್ಧರ್ಧ ಕತ್ತರಿಸಿ

1ರಿಂದ 100ರೊಳಗೆ ನಾನೊಂದು ಸಂಖ್ಯೆ ಅಂದುಕೊಂಡಿದ್ದೇನೆ ಎಂದಿಟ್ಟುಕೊಳ್ಳಿ. ‘37 ಇರಬಹುದಾ?’ ಎಂದು ಕೇಳಿದರೆ ಒಂದು ಸಂಖ್ಯೆ ಹೊರಗೆ ಹೋಗುತ್ತದೆ. ‘50ಕ್ಕಿಂತ ಹೆಚ್ಚಾ?’ ಎಂದು ಕೇಳಿದರೆ ಐವತ್ತು ಸಂಖ್ಯೆ ಒಟ್ಟಿಗೆ ಹೊರಗೆ. ಹೀಗೆ ಅರ್ಧ ಮಾಡುತ್ತ ಹೋದರೆ ಏಳು ಪ್ರಶ್ನೆಯಲ್ಲಿ ಮುಗಿಯುತ್ತದೆ. ಇಪ್ಪತ್ತು ಪ್ರಶ್ನೆ ಸಿಕ್ಕರೆ 10,48,576 ಸಂಖ್ಯೆಗಳಲ್ಲಿ ಒಂದನ್ನು ಹೆಕ್ಕಬಹುದು. ‘ಅವನಿಗೆ ಏಳನೇ ಮಹಡಿಯಲ್ಲಿ ಫ್ರೆಂಡ್ ಇದಾನಾ’ ಎಂಬುದು 37 ಎಂದು ಕೇಳಿದ ಹಾಗೆ. ‘ಕಾರಣ ಆ ಮನುಷ್ಯನಲ್ಲೇ ಇದೆಯಾ?’ ಎಂಬುದು 50ರ ಪ್ರಶ್ನೆ. ಲಿಫ್ಟ್, ಕಟ್ಟಡ, ನೆರೆಯವರು ಎಲ್ಲ ಒಂದೇ ಏಟಿಗೆ ಹೊರಗೆ ಹೋಗುತ್ತಾರೆ.

ಮೊದಲಿಗೆ ಯಾರು, ಎಲ್ಲಿ, ಯಾವಾಗ ಎಂಬ ದೊಡ್ಡ ಪ್ರಶ್ನೆಗಳು. ಇದು ಇಂದಿನ ಕಾಲದ ಕಥೆಯಾ? ಬೇರೆಯವರ ಪಾತ್ರ ಇದೆಯಾ? ಅವನು ಬೇಕೆಂದೇ ಹೀಗೆ ಮಾಡುತ್ತಾನಾ? ಅವನ ಕೆಲಸಕ್ಕೂ ಇದಕ್ಕೂ ಸಂಬಂಧ ಇದೆಯಾ? ಈ ನಾಲ್ಕು ಕೇಳದೆ ಮುಂದೆ ಹೋಗಬೇಡಿ.

ಮೂರನೇ ಹಂತ: ‘ಅಲ್ವಾ’ ಬಿಡಿ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಏಕೆಂದರೆ ಕನ್ನಡದಲ್ಲಿ ಈ ಆಟ ಕೆಡುವುದು ಹೆಚ್ಚಾಗಿ ಇಲ್ಲೇ, ಇಂಗ್ಲಿಷ್ ಪುಸ್ತಕಗಳಲ್ಲಿ ಇದರ ಬಗ್ಗೆ ಎಚ್ಚರಿಕೆ ನಾನು ನೋಡಿಲ್ಲ.

ನಾವು ಪ್ರಶ್ನೆ ಕೇಳುವುದೇ ಇಲ್ಲ. ನಮಗೆ ಅನಿಸಿದ್ದನ್ನು ಹೇಳಿ ಕೊನೆಗೆ ‘ಅಲ್ವಾ’ ಸೇರಿಸುತ್ತೇವೆ. ‘ಅವನು ಏಳನೇ ಮಹಡೀಲಿ ಯಾರನ್ನೂ ನೋಡಲ್ಲ, ಅಲ್ವಾ?’ ಇದಕ್ಕೆ ‘ಹೌದು’ ಎಂದರೆ ಏನರ್ಥ? ಮನೆಯಲ್ಲಿ ಕನ್ನಡವಾಡುವವರಿಗೆ ‘ಹೌದು, ನೋಡಲ್ಲ’. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಗು ಅದೇ ಅರ್ಥಕ್ಕೆ ‘ನೋ’ ಎನ್ನುತ್ತದೆ; ‘ಯೆಸ್’ ಎಂದರೆ ಅದಕ್ಕೆ ‘ನೋಡ್ತಾನೆ’ ಎಂದರ್ಥ. ಎರಡೂ ಭಾಷೆ ಕಲೆಸಿ ಆಡುವ ಗುಂಪಿನಲ್ಲಿ ಅರ್ಧ ಜನ ಒಂದು ಕಡೆ, ಇನ್ನರ್ಧ ಇನ್ನೊಂದು ಕಡೆ. ಒಂದು ಶಿಬಿರದಲ್ಲಿ ಇಂಥ ಒಂದೇ ‘ಹೌದು’ ಹಿಡಿದುಕೊಂಡು ಎಂಟು ಮಕ್ಕಳು ಅರ್ಧ ಗಂಟೆ ಇಲ್ಲದ ಸ್ನೇಹಿತನನ್ನು ಹುಡುಕಿದರು. ಉತ್ತರ ಕೊಟ್ಟವನು ನಾನೇ. ಆವತ್ತಿನಿಂದ ‘ಅಲ್ವಾ’ ಇರುವ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ‘ಸರಿಯಾಗಿ ಕೇಳು’ ಎಂದು ಹಿಂದಕ್ಕೆ ಕಳಿಸುತ್ತೇನೆ.

ಮಾಡಬೇಕಾದದ್ದು ಇಷ್ಟೇ: ‘ಇಲ್ಲ’, ‘ಅಲ್ಲ’, ‘ಯಾರೂ’, ‘ಏನೂ’ ಇರುವ ವಾಕ್ಯವನ್ನು ನೇರ ಮಾಡಿ. ‘ಅವನು ಏಳನೇ ಮಹಡಿಯಲ್ಲಿ ಯಾರನ್ನಾದರೂ ನೋಡುತ್ತಾನಾ?’ ಈಗ ‘ಇಲ್ಲ’ ಎಂದರೆ ಇಲ್ಲ. ಉತ್ತರದಲ್ಲಿ ‘ಇಲ್ಲ’ ಬಂತೋ ‘ಅಲ್ಲ’ ಬಂತೋ ಎಂಬುದನ್ನೂ ಕಿವಿಗೊಟ್ಟು ಕೇಳಿ. ‘ಅವನ ಬಳಿ ಕೀಲಿ ಇದೆಯಾ?’ ಎಂದರೆ ‘ಇಲ್ಲ’. ‘ಅದು ಅವನ ಮನೆಯಾ?’ ಎಂದರೆ ‘ಅಲ್ಲ’. ನೀವು ಒಂದು ಕೇಳಿದ್ದೀರಿ, ಹೇಳುವವರು ಇನ್ನೊಂದಕ್ಕೆ ಉತ್ತರಿಸಿದ್ದಾರೆ ಎಂಬುದು ಈ ಒಂದು ಅಕ್ಷರದಲ್ಲಿ ಗೊತ್ತಾಗುತ್ತದೆ. ಎರಡನ್ನು ಒಂದರಲ್ಲಿ ತುರುಕುವುದೂ ಬೇಡ. ‘ಅವನಿಗೆ ಕಾಲು ನೋವಾ, ಇಲ್ಲ ಲಿಫ್ಟ್ ಕಂಡರೆ ಭಯಾನಾ?’ ಎಂಬುದಕ್ಕೆ ಹೌದು-ಅಲ್ಲದಲ್ಲಿ ಉತ್ತರ ಇಲ್ಲವೇ ಇಲ್ಲ.

ಆಟದ ಹೊರಗೂ ಇದು ಕೆಲಸಕ್ಕೆ ಬರುತ್ತದೆ. ಆಸ್ಪತ್ರೆಯಲ್ಲಿ ‘ಯಾವ ಮಾತ್ರೆನೂ ಅಲರ್ಜಿ ಇಲ್ಲ ಅಲ್ವಾ?’ ಎಂದು ಕೇಳುವುದನ್ನು ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ. ದಯವಿಟ್ಟು ‘ಅಲರ್ಜಿ ಇದೆಯಾ?’ ಎಂದು ಕೇಳಿ.

ನಾಲ್ಕನೇ ಹಂತ: ‘ಅಲ್ಲ’ ಬರುವಂತೆ ಕೇಳಿ

‘ಹೌದು’ ಬಂದರೆ ಖುಷಿ, ‘ಅಲ್ಲ’ ಬಂದರೆ ಮುಖ ಸಪ್ಪೆ. ಈ ಖುಷಿಯೇ ದಾರಿ ತಪ್ಪಿಸುತ್ತದೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1960ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 2, 4, 6 ಎಂಬ ಮೂರು ಸಂಖ್ಯೆ ಕೊಟ್ಟು, ಇವು ಯಾವ ನಿಯಮಕ್ಕೆ ಹೊಂದುತ್ತವೆ, ನೀವೇ ಬೇರೆ ಸಂಖ್ಯೆಗಳನ್ನು ಹೇಳಿ ಪರೀಕ್ಷಿಸಿ ಎಂದರು. ಹೆಚ್ಚಿನವರು 8, 10, 12 ಅಥವಾ 20, 22, 24 ಎಂಬಂಥ ಸಂಖ್ಯೆಗಳನ್ನೇ ಹೇಳಿದರು. ಪ್ರತಿ ಸಲ ‘ಹೊಂದುತ್ತದೆ’ ಎಂಬ ಉತ್ತರ ಬಂತು. ಎರಡೆರಡು ಹೆಚ್ಚುವ ಸಂಖ್ಯೆಗಳೇ ನಿಯಮ ಎಂದುಕೊಂಡರು. ನಿಯಮ ಬೇರೆಯೇ ಇತ್ತು: ಸಂಖ್ಯೆಗಳು ಏರುತ್ತಾ ಹೋಗಬೇಕು, ಅಷ್ಟೇ. ಅವರು 1, 7, 50 ಎಂದು ಕೇಳಿದ್ದರೆ ಸಾಕಿತ್ತು, ಅದೂ ಹೊಂದುತ್ತದೆ ಎಂದು ತಿಳಿದು ಊಹೆ ಬೀಳುತ್ತಿತ್ತು. ನಿಮ್ಮ ಊಹೆ ತಪ್ಪಾಗಿದ್ದರೆ ಯಾವ ಪ್ರಶ್ನೆ ಅದನ್ನು ಬೀಳಿಸುತ್ತದೋ ಅದನ್ನೇ ಮೊದಲು ಕೇಳಿ.

ಐದನೇ ಹಂತ: ಅಸಂಬದ್ಧ ಎನಿಸಿದ್ದನ್ನು ಹಿಡಿಯಿರಿ

ನಮ್ಮ ಒಗಟಿನಲ್ಲಿ ಲಿಫ್ಟಿಗೂ ಮಳೆಗೂ ಏನು ಸಂಬಂಧ? ಸಂಬಂಧ ಇಲ್ಲದಿದ್ದರೆ ಹೇಳುತ್ತಿರಲಿಲ್ಲ. ಕಳೆದ ಶಿಬಿರದ ಒಂದು ಗುಂಪು ಕೇಳಿದ್ದು ಹೀಗೆ.

ಲಿಫ್ಟ್ ಸರಿಯಿದೆಯಾ? ಹೌದು.
ಬೇಕೆಂದೇ ಏಳರಲ್ಲಿ ಇಳೀತಾನಾ? ಅಲ್ಲ.
ಲಿಫ್ಟಲ್ಲಿ ಬೇರೆಯವರಿದ್ರೆ ಹತ್ತಕ್ಕೆ ಹೋಗ್ತಾನಾ? ಹೌದು.
ಅವರು ಅವನಿಗೆ ಏನಾದರೂ ಸಹಾಯ ಮಾಡ್ತಾರಾ? ಹೌದು.
ಮಳೆ ದಿನ ಅವನ ಕೈಲಿರೋ ವಸ್ತು ಮುಖ್ಯನಾ? ಹೌದು.
ಛತ್ರೀನಾ? ಹೌದು.
ಛತ್ರಿಯಿಂದ ಲಿಫ್ಟಿನ ಬಟನ್ ಒತ್ತುತಾನಾ? ಹೌದು.

ಏಳು ಪ್ರಶ್ನೆ. ಅವನು ಕುಳ್ಳ. ಏಳನೇ ಮಹಡಿಯ ಬಟನ್‌ವರೆಗೆ ಮಾತ್ರ ಕೈ ಎಟುಕುತ್ತದೆ. ಮೂರನೇ ಪ್ರಶ್ನೆ ಕೇಳಿದ್ದು ಅಲ್ಲಿಯವರೆಗೆ ಬಾಯೇ ಬಿಡದಿದ್ದ ಹುಡುಗಿ. ಒಗಟಿನಲ್ಲಿ ಇಲ್ಲದ ಇನ್ನೊಂದು ಸಂದರ್ಭವನ್ನು ಅವಳು ತಾನಾಗಿ ಕಲ್ಪಿಸಿ ಪರೀಕ್ಷಿಸಿದಳು. ಕಲಿಯಬೇಕಾದದ್ದು ಅದನ್ನು.

ಸಿಕ್ಕಿಹಾಕಿಕೊಂಡರೆ ಇದುವರೆಗೆ ಖಚಿತವಾದದ್ದನ್ನೆಲ್ಲ ಒಬ್ಬರು ಗಟ್ಟಿಯಾಗಿ ಹೇಳಲಿ. ಗುಂಪಿನಲ್ಲಿ ಒಬ್ಬರ ಕೈಯಲ್ಲಿ ಹಾಳೆ, ಪೆನ್ನು ಇರಲಿ.

ಒಗಟು ಹೇಳುವವರಿಗೆ

ಜಾಗ ಮುಗಿಯುತ್ತಿದೆ, ಆದರೂ ಮೂರು ಮಾತು ಹೇಳಲೇಬೇಕು. ಇಂಗ್ಲಿಷ್ ಒಗಟನ್ನು ಹಾಗೇ ಕನ್ನಡಕ್ಕೆ ತಂದರೆ ನಮ್ಮ ಕ್ರಿಯಾಪದವೇ ಗುಟ್ಟು ಬಿಟ್ಟುಕೊಡುತ್ತದೆ. ನೆಲದ ಮೇಲೆ ಸತ್ತು ಬಿದ್ದಿರುವ ರಾಜು, ರಾಣಿ ಎಂಬ ಮೀನುಗಳ ಒಗಟಿನಲ್ಲಿ ‘ಬಿದ್ದಿವೆ’ ಎಂದರೆ ಆಟ ಮುಗಿಯಿತು, ‘ಬಿದ್ದಿದ್ದಾರೆ’ ಎಂದರೆ ಸುಳ್ಳು ಹೇಳಿದ ಹಾಗೆ. ‘ನೆಲದ ಮೇಲೆ ರಾಜು, ರಾಣಿಯ ಶವ, ಸುತ್ತ ನೀರು, ಗಾಜಿನ ಚೂರು’ ಎಂದು ಕ್ರಿಯಾಪದವಿಲ್ಲದೆ ಹೇಳಿ. ಅಪಘಾತದಲ್ಲಿ ಅಪ್ಪ ತೀರಿಕೊಂಡು, ಗಾಯಗೊಂಡ ಹುಡುಗನನ್ನು ಕಂಡ ವೈದ್ಯರು ‘ಇವನು ನನ್ನ ಮಗ’ ಎಂದ ಒಗಟು ಮಾತ್ರ ಕನ್ನಡದಲ್ಲೇ ಹೆಚ್ಚು ಚೆನ್ನ. ‘ಎಂದರು’ ಎಂಬ ಗೌರವದ ಮಾತು ಆಕೆ ತಾಯಿ ಎಂಬುದನ್ನು ತಾನಾಗಿ ಮುಚ್ಚುತ್ತದೆ.

ಎರಡನೆಯದು, ಈ ಒಗಟುಗಳಲ್ಲಿ ಸಾವು, ಆತ್ಮಹತ್ಯೆ ಹೆಚ್ಚು. ನೇಣಿನ ಒಗಟೊಂದನ್ನು ನಾನು ಯೋಚಿಸದೆ ಹೇಳಿದಾಗ ಒಬ್ಬ ಹುಡುಗ ಎದ್ದು ಹೊರಗೆ ಹೋದದ್ದು ಇನ್ನೂ ಮರೆತಿಲ್ಲ. ಎದುರಿಗೆ ಕೂತವರ ಮನೆಯಲ್ಲಿ ಏನಾಗಿದೆ ಎಂದು ನಿಮಗೆ ಗೊತ್ತಿರುವುದಿಲ್ಲ. ಮಕ್ಕಳಿಗೆ ಅಂಥವು ಬೇಡ. ಮೂರನೆಯದು, ಉತ್ತರವನ್ನು ಬೇಗ ಹೇಳಿಬಿಡಬೇಡಿ.

ಈ ವಾರದ ಒಗಟು: ಒಬ್ಬರು ಅಂಗಡಿಗೆ ಓಡಿಬಂದು ಒಂದು ಲೋಟ ನೀರು ಕೇಳಿದರು. ಅಂಗಡಿಯವನು ನೀರು ಕೊಡದೆ ಬಂದೂಕು ತೆಗೆದು ಹಿಡಿದ. ಬಂದವರು ‘ತುಂಬಾ ಉಪಕಾರವಾಯ್ತು’ ಎಂದು ಹೊರಟುಹೋದರು. ಉತ್ತರ ಬರೆದು ಕಳಿಸಬೇಡಿ. ನಿಮ್ಮ ಮೊದಲ ಐದು ಪ್ರಶ್ನೆಗಳನ್ನು ಬರೆದು ಕಳಿಸಿ.