ಮೊದಲು ಬೆರಳು ಯಾವುದು ಹೇಳು

ಕೈನೋವು ಅಂತ ಡಾಕ್ಟರ ಮುಂದೆ ಕೂರುವ ಮೊದಲು ಒಂದು ಕೆಲಸ ಮಾಡು ಮಗಳೇ. ಯಾವ ಬೆರಳು, ಯಾವ ಹೊತ್ತು ಅನ್ನುವುದನ್ನು ನಾಲ್ಕು ದಿನ ಗಮನಿಸಿ ಒಂದು ಚೀಟಿಯಲ್ಲಿ ಬರೆದುಕೊ. ಫಿಸಿಯೋಥೆರಪಿ ಕೋಣೆಯಲ್ಲಿ ಕೂದಲು ನರೆಯುವತನಕ ಜನರ ಕೈ ಹಿಡಿದು ಕೂತವಳು ನಾನು. 'ಕೈಯೆಲ್ಲಾ ನೋವು' ಅಂದವರಿಗಿಂತ 'ರಾತ್ರಿ ಈ ಮೂರು ಬೆರಳು' ಅಂದವರಿಗೆ ಬೇಗ ದಾರಿ ಸಿಗುತ್ತಿತ್ತು.

ನಡುರಾತ್ರಿ ಜೋಮು ಹಿಡಿದು ಎಚ್ಚರವಾಗುತ್ತದೆ, ಕೈ ಕೊಡವಿದರೆ ಹಗುರಾಗುತ್ತದೆ ಅಂದೆಯಲ್ಲ, ಅದನ್ನೇ ಹೇಳು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ ಮರಗಟ್ಟಿ, ಕಿರುಬೆರಳು ಮಾತ್ರ ಚೆನ್ನಾಗಿದ್ದರೆ ಮೊದಲ ಅನುಮಾನ ಕಾರ್ಪಲ್ ಟನಲ್ ಮೇಲೆ. ಮಣಿಕಟ್ಟಿನ ಒಳಗಿನ ಇಕ್ಕಟ್ಟಾದ ಜಾಗದಲ್ಲಿ ಬೆರಳು ಮಡಚುವ 9 ಸ್ನಾಯುರಜ್ಜುಗಳ ಜೊತೆ ಒಂದು ನರವೂ ಹಾದುಹೋಗುತ್ತದೆ. ಅಲ್ಲಿ ಸ್ವಲ್ಪ ಊತ ಬಂದರೂ ಅದುಮಿಸಿಕೊಳ್ಳುವುದು ನರವೇ. ಬಸುರಿಯರಲ್ಲಿ, ಥೈರಾಯ್ಡ್ ಕಡಿಮೆಯಿರುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಹಾಗಾಗಿ ರಕ್ತಪರೀಕ್ಷೆ ಬರೆದುಕೊಟ್ಟರೆ 'ಕೈಗೂ ರಕ್ತಕ್ಕೂ ಏನು ಸಂಬಂಧ' ಅಂತ ಗೊಣಗಬೇಡ. ಎರಡೂ ಮಣಿಕಟ್ಟು ಮಡಚಿ, ಬೆರಳು ನೆಲದ ಕಡೆ ಮಾಡಿ, ಹಿಂಗೈಗೆ ಹಿಂಗೈ ತಾಗಿಸಿ ಒಂದು ನಿಮಿಷ ಹಿಡಿದು ನೋಡು. ಅದೇ ಬೆರಳುಗಳು ಜುಮ್ಮೆಂದರೆ ಅದನ್ನೂ ಚೀಟಿಗೆ ಸೇರಿಸು. ಇಷ್ಟರಿಂದಲೇ ಖಾತ್ರಿಯಾಗದು, ಕುತ್ತಿಗೆಯ ನರ ಒತ್ತಿದರೂ ಕೈ ಜೋಮು ಹಿಡಿಯುತ್ತದೆ.

ಮದ್ದು ಶುರುವಾಗುವುದು ರಾತ್ರಿ ಮಣಿಕಟ್ಟು ಮಡಚದಂತೆ ಹಾಕುವ ಸ್ಪ್ಲಿಂಟಿನಿಂದ. ಆರು ವಾರ ಬಿಡದೆ ಹಾಕು. ಎರಡು ರಾತ್ರಿ ಹಾಕಿ ಸೆಕೆ ಅಂತ ಕಿತ್ತೆಸೆದವರನ್ನು ಬೇಕಾದಷ್ಟು ನೋಡಿದ್ದೇನೆ. ಅದಕ್ಕೂ ಬಗ್ಗದಿದ್ದರೆ ಇಂಜೆಕ್ಷನ್, ಅದರ ಮೇಲೆ ಸಣ್ಣ ಆಪರೇಷನ್. ಆದರೆ ಹೆಬ್ಬೆರಳ ಬುಡದ ದಪ್ಪ ಮಾಂಸ ಸೊರಗಿದ್ದರೆ, ರವಿಕೆಯ ಹುಕ್ಕು ಹಾಕಲು ತಡವರಿಸುವಂತಾಗಿದ್ದರೆ, 'ನರದ ಮಾತ್ರೆ' ನುಂಗುತ್ತಾ ವರ್ಷ ಕಳೆಯಬೇಡ. ಒಣಗಿದ ಸ್ನಾಯು ಪೂರ್ತಿ ಮರಳುತ್ತದೆ ಅನ್ನುವ ಭರವಸೆಯಿಲ್ಲ.

ಕಿರುಬೆರಳೇ ಜೋಮು ಹಿಡಿದರೆ ಮೊಣಕೈ ಹಿಂದೆ ಹಾಯುವ ನರದ ಕಡೆ ನೋಡಬೇಕು. ಮೊಣಕೈ ಮಡಚಿ ಗಂಟೆಗಟ್ಟಲೆ ಫೋನ್ ಹಿಡಿಯುವವರಿಗೆ ಇದು ಬರುತ್ತದೆ. ನಮ್ಮ ಕಡೆ ಇನ್ನೊಂದನ್ನೂ ಮರೆಯಬಾರದು, ಕುಷ್ಠ. ಅದು ಮೊಣಕೈ ಹಿಂದಿನ ಇದೇ ನರವನ್ನು ದಪ್ಪಗಾಗಿಸಿ ಕೆಡಿಸುತ್ತದೆ. 1940ರ ದಶಕದ ಕೊನೆಗೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪಾಲ್ ಬ್ರಾಂಡ್ ಎಂಬ ಸರ್ಜನ್ ಸ್ನಾಯುರಜ್ಜುಗಳ ಜಾಗ ಬದಲಿಸಿ, ಮುದುಡಿದ ಬೆರಳುಗಳನ್ನು ಮತ್ತೆ ಬಿಚ್ಚಿಸತೊಡಗಿದ್ದು ಈ ರೋಗಿಗಳಿಗಾಗಿಯೇ. ಮೈಮೇಲೆ ಎಲ್ಲಾದರೂ ಬಣ್ಣ ಮಾಸಿ ಸ್ಪರ್ಶ ತಿಳಿಯದ ಮಚ್ಚೆಯಿದ್ದರೆ ನಾಚಿಕೆಯಿಲ್ಲದೆ ತೋರಿಸು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ, 6 ಅಥವಾ 12 ತಿಂಗಳಿಗೆ ಮುಗಿಯುತ್ತದೆ.

ನಿನ್ನ ನಾದಿನಿಯದು ಬೇರೆ. ಬಾಣಂತಿ, ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಸೆಳೆತ. ತಣ್ಣೀರು ಮುಟ್ಟಿದ್ದಕ್ಕೇ ವಾಯು ಹಿಡಿಯಿತು ಅಂತ ಮನೆಯವರು ಗದರುತ್ತಿದ್ದಾರಂತೆ. ತಣ್ಣೀರಿನ ತಪ್ಪೇನೂ ಇಲ್ಲ. ಕಂಕುಳಿಗೆ ಹೆಬ್ಬೆರಳು ಅಗಲಿಸಿ ಕೈಕೊಟ್ಟು ಕೂಸನ್ನು ಮೇಲೆತ್ತುವುದರಿಂದ ಆ ಬೆರಳಿನ ರಜ್ಜುಗಳಿಗೆ ಭಾರ ಬೀಳುತ್ತದೆ. ಸ್ವಿಟ್ಜರ್ಲೆಂಡಿನ ಸರ್ಜನ್ ಡಿ ಕರ್ವೈನ್ 1895ರಲ್ಲಿ ಇದನ್ನು ವಿವರಿಸಿದ, ಹೆಸರೂ ಅವನದೇ. ಅಂಗೈ ಮೇಲೆ ಮಾಡಿ ಕೂಸಿನ ಬೆನ್ನು, ಪಿರ್ರೆ ಕೆಳಗೆ ಕೈ ತೂರಿಸಿ ಎತ್ತಲು ಹೇಳು. ಹೆಬ್ಬೆರಳೂ ಸೇರುವಂಥ ಸ್ಪ್ಲಿಂಟ್ ಬೇಕು.

ದೊಡ್ಡಪ್ಪನ ಉಂಗುರಬೆರಳು ಬೆಳಿಗ್ಗೆ ಮಡಚಿದಲ್ಲೇ ನಿಂತು, ಆಮೇಲೆ 'ಟಕ್' ಅಂತ ಬಿಚ್ಚುವುದು ಟ್ರಿಗರ್ ಫಿಂಗರ್. ಗಂಟುಬಿದ್ದ ದಾರ ಸೂಜಿಕಣ್ಣಿನಲ್ಲಿ ತಡೆದ ಹಾಗೆ. ಅದನ್ನು ಎಳೆದು ಲಟಿಕೆ ತೆಗೆಯಲು ಯಾರಿಗೂ ಬಿಡಬೇಡಿ. ಸ್ಟೀರಾಯ್ಡ್ ಇಂಜೆಕ್ಷನ್ ಬಹಳ ಜನಕ್ಕೆ ಸಾಕಾಗುತ್ತದೆ, ಆದರೆ ಸಕ್ಕರೆ ಕಾಯಿಲೆಯವರಲ್ಲಿ ಕೆಲವು ದಿನ ಸಕ್ಕರೆ ಏರುತ್ತದೆ. ಮೊದಲೇ ತಿಳಿಸಿರಲಿ.

ಎರಡೂ ಕೈಯ ಬೆರಳಗೆಣ್ಣು ಊದಿ, ಬೆಳಗಿನ ಬಿಗಿತ ಗಂಟೆ ಕಳೆದರೂ ಬಿಡದಿದ್ದರೆ ಎಣ್ಣೆ ನೀವುತ್ತಾ ಕೂರದೆ ಸಂಧಿವಾತದ ತಜ್ಞರನ್ನು ಕಾಣಬೇಕು. ಕೀಲು ಸವೆದು ಸೊಟ್ಟಗಾಗುವ ಮುಂಚೆ ಔಷಧಿ ಶುರುವಾಗಬೇಕು.

ಒಂದಕ್ಕೆ ಮಾತ್ರ ಚೀಟಿ ಬರೆಯುತ್ತಾ ಕೂರಬೇಡ. ಮುಳ್ಳೋ ಮೀನಿನ ಮೂಳೆಯೋ ಚುಚ್ಚಿದ ಮೇಲೆ ಬೆರಳು ಉದ್ದಕ್ಕೂ ಊದಿ, ಅರೆಮಡಚಿ ನಿಂತು, ನೆಟ್ಟಗೆ ಮಾಡಿದರೆ ಪ್ರಾಣ ಹೋಗುವಷ್ಟು ನೋವಾದರೆ ಒಳಗೆ ಕೀವು ಹರಡುತ್ತಿರಬಹುದು. ಉಂಗುರ ಬಿಚ್ಚಿಡು, ಅದೇ ರಾತ್ರಿ ಆಸ್ಪತ್ರೆಗೆ ಹೊರಡು.