ನಾಯಿಯ ಹೊಟ್ಟೆ ನೆಟ್ಟಗಿರಲು 12 ಸೂತ್ರಗಳು

ಹೊಟ್ಟೆ ಸರಿಯಿಲ್ಲವೆಂದು ನಾಯಿ ಬಾಯಿಬಿಟ್ಟು ಹೇಳಲಾರದು. ಅದರ ಮಲ ಹೇಳುತ್ತದೆ. ಗಟ್ಟಿಯೋ ತೆಳುವೋ, ಬಣ್ಣ ಯಾವುದು, ದಿನಕ್ಕೆ ಎಷ್ಟು ಸಲ ಎಂದು ಗಮನಿಸುವ ಮನೆಯಲ್ಲಿ ಅರ್ಧಕ್ಕರ್ಧ ತೊಂದರೆಗಳು ಶುರುವಿನಲ್ಲೇ ಸಿಕ್ಕಿಬೀಳುತ್ತವೆ. ಸಾಕುನಾಯಿಗಳ ಹೊಟ್ಟೆ ಕೆಡಲು ಬಹಳ ಸಲ ಊಟದ ಬಟ್ಟಲೇ ಕಾರಣ: ಅತಿಯಾಗಿ ಹಾಕಿದ್ದು, ದಿಢೀರನೆ ಬದಲಿಸಿದ್ದು, ಮನೆಯವರು ಉಂಡು ಮಿಕ್ಕಿದ್ದನ್ನೆಲ್ಲ ಸುರಿದದ್ದು. ಈ ಮೂರನ್ನು ತಿದ್ದಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ.

1. ಮಲಕ್ಕೆ ಅಂಕ ಕೊಡಲು ಕಲಿಯಿರಿ

ಪಶುವೈದ್ಯರು ಮಲದ ಹದಕ್ಕೆ 1ರಿಂದ 7ರವರೆಗೆ ಅಂಕ ಕೊಡುತ್ತಾರೆ. ಆಡಿನ ಹಿಕ್ಕೆಯಂತೆ ಒಣಗಿ ಬಿಡಿಬಿಡಿಯಾಗಿ ಬೀಳುವುದು 1. ಬರೀ ನೀರಾಗಿ ಹೋಗುವುದು 7. ನಮಗೆ ಬೇಕಾದದ್ದು 2: ಗಟ್ಟಿಯಿದ್ದರೂ ಕಲ್ಲಾಗಿರಬಾರದು, ಎತ್ತಿದಾಗ ಆಕಾರ ಕೆಡಬಾರದು, ನೆಲಕ್ಕೆ ಅಂಟಬಾರದು. 3 ಕೂಡ ನಡೆಯುತ್ತದೆ. 4 ಮುಟ್ಟಿತೆಂದರೆ ಬಟ್ಟಲಿನ ಕಡೆ ನೋಡಿ.

ಬೆಳಗಿನ ಮೊದಲ ಸಲದ್ದಕ್ಕೇ ಅಂಕ ಕೊಡಿ. ಉದ್ದದ ವಾಕಿಂಗಿನಲ್ಲಿ ಎರಡನೇ, ಮೂರನೇ ಸಲ ಹಾಕುವುದು ಸ್ವಲ್ಪ ಮೆತ್ತಗಿರುವುದು ಸಹಜ. ಸದಾ ಮೆತ್ತಗೆ ಹಾಕುವ ನಾಯಿಯ ಗುದದ ಪಕ್ಕದ ಗ್ರಂಥಿಗಳು ಮಾತ್ರ ಸರಿಯಾಗಿ ಖಾಲಿಯಾಗುವುದಿಲ್ಲ. ಅದು ಹಿಂಭಾಗವನ್ನು ನೆಲಕ್ಕೆ ಉಜ್ಜುತ್ತಾ ಎಳೆದಾಡಲು ಇದೂ ಒಂದು ಕಾರಣ.

2. ತೂಗಿ ಹಾಕಿ, ಹೊತ್ತಿಗೆ ಹಾಕಿ

ಒಳ್ಳೆಯ ಆಹಾರವೂ ಅತಿಯಾದರೆ ಭೇದಿ. ಸಣ್ಣಕರುಳಿನಲ್ಲಿ ಜೀರ್ಣವಾಗದೆ ಉಳಿದದ್ದು ದೊಡ್ಡಕರುಳಿಗೆ ಇಳಿಯುತ್ತದೆ. ಅಲ್ಲಿ ಬ್ಯಾಕ್ಟೀರಿಯಾ ಅದನ್ನು ಹುಳಿಯಿಸುತ್ತವೆ, ಗ್ಯಾಸ್ ಆಗುತ್ತದೆ, ನೀರು ಕರುಳಿನಲ್ಲೇ ಉಳಿದು ಮಲ ಸಡಿಲವಾಗುತ್ತದೆ.

10 ಕೆ.ಜಿ. ತೂಕದ ವಯಸ್ಕ ನಾಯಿಗೆ ದಿನಕ್ಕೆ ಸುಮಾರು 600 ಕಿಲೋಕ್ಯಾಲೊರಿ ಸಾಕು. ಅಂಗಡಿಯ ಒಣ ಆಹಾರದ 100 ಗ್ರಾಂನಲ್ಲಿ ಸಾಮಾನ್ಯವಾಗಿ 350ರ ಆಸುಪಾಸು ಇರುತ್ತದೆ. ಅಂದರೆ ಇಡೀ ದಿನಕ್ಕೆ 170 ಗ್ರಾಂ. ಕೈಯಂದಾಜಿನಲ್ಲಿ ಹಾಕುವವರು ಒಮ್ಮೆ ತಕ್ಕಡಿಯಲ್ಲಿಟ್ಟು ನೋಡಲಿ. ಟೀ ಹೊತ್ತಿನ ಬಿಸ್ಕತ್ತು, ಚಪಾತಿ ಚೂರು ಎಲ್ಲ ಸೇರಿ ದಿನದ ಕ್ಯಾಲೊರಿಯ ಹತ್ತನೇ ಒಂದು ಭಾಗ ದಾಟಬಾರದು. ಮುಧೋಳ ನಾಯಿಯ ಮೈಕಟ್ಟೇ ತೆಳ್ಳಗಿನದು. ಅದನ್ನು ದಪ್ಪ ಮಾಡುತ್ತೇವೆಂದು ಹೊರಟರೆ ಕೆಡುವುದು ಹೊಟ್ಟೆಯೇ.

ವಯಸ್ಕ ನಾಯಿಗೆ ದಿನಕ್ಕೆರಡು ಹೊತ್ತು, ಮರಿಗೆ ಮೂರು ನಾಲ್ಕು ಹೊತ್ತು. ಉಂಡ ಸ್ವಲ್ಪ ಹೊತ್ತಿಗೆ ದೊಡ್ಡಕರುಳು ಚುರುಕಾಗುತ್ತದೆ. ಊಟಕ್ಕೆ ಹೊತ್ತು ಗೊತ್ತಿದ್ದರೆ ಹೊರಗೆ ಕರೆದೊಯ್ಯುವುದಕ್ಕೂ ಹೊತ್ತು ಗೊತ್ತಾಗುತ್ತದೆ.

3. ಬದಲಾವಣೆಗೆ ಒಂದು ವಾರ ಕೊಡಿ

ಕರುಳಿನ ಬ್ಯಾಕ್ಟೀರಿಯಾ ಹಳೆಯ ಊಟಕ್ಕೆ ಒಗ್ಗಿಕೊಂಡಿರುತ್ತವೆ. ಹೊಸದಕ್ಕೆ ಹೊಂದಿಕೊಳ್ಳಲು ಅವಕ್ಕೆ ಸಮಯ ಬೇಕು. ಮೊದಲ ಎರಡು ದಿನ ಕಾಲು ಭಾಗ ಹೊಸದು, ಮುಂದಿನ ಎರಡು ದಿನ ಅರ್ಧಕ್ಕರ್ಧ, ಆಮೇಲೆ ಮುಕ್ಕಾಲು, ಏಳನೇ ದಿನ ಪೂರ್ತಿ. ಸೂಕ್ಷ್ಮ ಹೊಟ್ಟೆಯ ನಾಯಿಗೆ ಹತ್ತು ದಿನ ಹಿಡಿದರೂ ಚಿಂತೆಯಿಲ್ಲ. ನಡುವೆ ಮಲ ಸಡಿಲವಾದರೆ ಒಂದು ಹೆಜ್ಜೆ ಹಿಂದೆ ಸರಿಯಿರಿ.

ಮರಿ ತರುವಾಗ ಅಲ್ಲಿ ಏನು ತಿನ್ನುತ್ತಿತ್ತೆಂದು ಕೇಳಿ, ಕೆಲವು ದಿನ ಅದನ್ನೇ ಮುಂದುವರಿಸಿ. ಹೊಸ ಮನೆ, ಹೊಸ ಜನ, ತಾಯಿಯ ಅಗಲಿಕೆಯ ಜೊತೆಗೆ ಹೊಸ ಊಟವೂ ಸೇರಿದರೆ ಮರಿಯ ಹೊಟ್ಟೆ ತಡೆಯದು.

4. ಅನ್ನ, ಮುದ್ದೆ ಇರಲಿ; ಅದೊಂದೇ ಬೇಡ

ನಾಯಿ ಮನುಷ್ಯನ ಜೊತೆ ಬಾಳುತ್ತಾ ಪಿಷ್ಟ ಅರಗಿಸಿಕೊಳ್ಳುವುದನ್ನು ಕಲಿತ ಪ್ರಾಣಿ. ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವದ ಜೀನ್ ತೋಳಕ್ಕಿಂತ ನಾಯಿಯಲ್ಲಿ ಹೆಚ್ಚು ಪ್ರತಿಗಳಲ್ಲಿದೆ ಎಂಬುದು 2013ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಗೊತ್ತಾಯಿತು. ಆದರೆ ಆ ಕೆಲಸ ಮುಖ್ಯವಾಗಿ ನಡೆಯುವುದು ಮೇದೋಜೀರಕ ಗ್ರಂಥಿಯ ರಸದಿಂದ, ಸಣ್ಣಕರುಳಿನಲ್ಲಿ, ಬಾಯಲ್ಲಿ ಅಲ್ಲ. ಮೇಲಾಗಿ ನಾಯಿ ಅಗಿಯುವುದಕ್ಕಿಂತ ನುಂಗುವುದೇ ಹೆಚ್ಚು. ಆದ್ದರಿಂದ ಅನ್ನ, ರಾಗಿ, ಜೋಳ ಏನೇ ಇರಲಿ, ಚೆನ್ನಾಗಿ ಬೇಯಲಿ. ಮಲದಲ್ಲಿ ಕಾಳು ಕಾಳಾಗಿಯೇ ಕಂಡರೆ ಬೆಂದದ್ದು ಸಾಲದು.

ಬರೀ ಹಾಲನ್ನ, ಮೊಸರನ್ನದಲ್ಲಿ ಪ್ರೋಟೀನ್ ಸಾಲದು. ನೀರಿನಂಶ ಕಳೆದು ಲೆಕ್ಕ ಹಾಕಿದರೆ ವಯಸ್ಕ ನಾಯಿಯ ಆಹಾರದಲ್ಲಿ ಕನಿಷ್ಠ 18%, ಬೆಳೆಯುವ ಮರಿಗೆ 22%ಕ್ಕೂ ಹೆಚ್ಚು ಪ್ರೋಟೀನ್ ಇರಬೇಕು. ಬೇಯಿಸಿದ ಮೊಟ್ಟೆ, ಕೋಳಿ, ಮುಳ್ಳು ತೆಗೆದ ಮೀನು ಸೇರಿಸಿ. ಬರೀ ಮಾಂಸ ಹಾಕುವುದೂ ತಪ್ಪೇ. ಅದರಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಖಾಯಂ ಆಗಿ ಮನೆ ಅಡುಗೆಯನ್ನೇ ಹಾಕುವವರು ಖನಿಜಾಂಶದ ಪುಡಿಯ ಪ್ರಮಾಣವನ್ನು ಪಶುವೈದ್ಯರಿಂದ ಬರೆಸಿಕೊಳ್ಳಲಿ.

5. ಹಾಲಿಗೆ ಕೈ ಬಿಗಿ ಹಿಡಿಯಿರಿ

ತಾಯಿಹಾಲು ಬಿಟ್ಟ ಮೇಲೆ ನಾಯಿಯ ಕರುಳಿನಲ್ಲಿ ಲ್ಯಾಕ್ಟೇಸ್ ಕಿಣ್ವ ಇಳಿಯುತ್ತಾ ಹೋಗುತ್ತದೆ. ಅದಿಲ್ಲದೆ ಹಾಲಿನ ಸಕ್ಕರೆ ಅರಗದು. ದೊಡ್ಡ ಲೋಟ ಹಾಲು ಕುಡಿದ ನಾಯಿ ಸಂಜೆಯೊಳಗೆ ಬಾಗಿಲ ಬಳಿ ಗೋಗರೆಯುವುದು ಇದರಿಂದಲೇ. ಮೊಸರಿನಲ್ಲಿ ಈ ಸಕ್ಕರೆ ಸ್ವಲ್ಪ ಕಡಿಮೆ; ಸಕ್ಕರೆ, ಉಪ್ಪು, ಒಗ್ಗರಣೆ ಇಲ್ಲದ ಒಂದೆರಡು ಚಮಚ ಮೊಸರು ಹೆಚ್ಚಿನ ನಾಯಿಗಳಿಗೆ ಒಗ್ಗುತ್ತದೆ.

ತಾಯಿಯಿಲ್ಲದ ಮರಿಗಳಿಗೆ ಹಸುವಿನ ಹಾಲು ಸಾಟಿಯಲ್ಲ. ಹೆಣ್ಣುನಾಯಿಯ ಹಾಲಿನಲ್ಲಿ ಕೊಬ್ಬು, ಪ್ರೋಟೀನ್ ಎರಡೂ ಹಸುವಿನ ಹಾಲಿನ ದುಪ್ಪಟ್ಟಿನಷ್ಟು, ಸಕ್ಕರೆ ಕಡಿಮೆ. ಪೆಟ್ ಅಂಗಡಿಯಲ್ಲಿ ಸಿಗುವ ಮರಿಗಳ ಹಾಲಿನ ಪುಡಿಯೇ ಮೇಲು.

6. ನಾರು ಮತ್ತು ನೀರನ್ನು ಜೊತೆಯಾಗಿ ಕೊಡಿ

ನೀರಿನಲ್ಲಿ ಕರಗುವ ನಾರು ಕರುಳಿನಲ್ಲಿ ಲೋಳೆಯಾಗಿ ನೀರು ಹಿಡಿಯುತ್ತದೆ. ಒಳ್ಳೆಯ ಬ್ಯಾಕ್ಟೀರಿಯಾ ಇದನ್ನು ತಿಂದು ದೊಡ್ಡಕರುಳಿನ ಕೋಶಗಳಿಗೆ ಬೇಕಾದ ಬ್ಯುಟಿರೇಟ್ ತಯಾರಿಸುತ್ತವೆ. ಹೀಗಾಗಿ ಇದು ತೆಳು ಮಲವನ್ನು ಗಟ್ಟಿ ಮಾಡಲೂ ಗಟ್ಟಿ ಮಲವನ್ನು ಸಡಿಲಿಸಲೂ ನೆರವಾಗುತ್ತದೆ. ಬೇಯಿಸಿ ಹಿಸುಕಿದ ಸಿಹಿಗುಂಬಳ ಸುಲಭದ ದಾರಿ: ಚಿಕ್ಕ ನಾಯಿಗೆ ಒಂದೆರಡು ಟೀ ಚಮಚ, ದೊಡ್ಡದಕ್ಕೆ ಒಂದೆರಡು ದೊಡ್ಡ ಚಮಚ. ಇಸಬ್‌ಗೋಲ್ ಕೂಡ ಇದೇ ಗುಂಪಿನದು. ಪ್ರಮಾಣ ಕೇಳಿಕೊಂಡು, ನೀರಿನಲ್ಲಿ ನೆನೆಸಿಯೇ ಕೊಡಿ. ಕರಗದ ನಾರು, ಉದಾಹರಣೆಗೆ ಗೋಧಿ ಬೂಸಾ, ಹೆಚ್ಚಾದರೆ ರಾಶಿ ಮಲ, ಪೋಷಣೆ ಕಡಿಮೆ.

ಒಣ ಆಹಾರದಲ್ಲಿ ನೀರಿನಂಶ 10%ದ ಆಸುಪಾಸು ಮಾತ್ರ. ಅದನ್ನೇ ತಿನ್ನುವ ನಾಯಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 50ರಿಂದ 60 ಮಿ.ಲೀ. ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಮಲ ಹಾಕಲು ತಿಣುಕುವ ನಾಯಿಗೆ ಮೊದಲು ನೀರು, ನಡಿಗೆ; ಔಷಧ ಆಮೇಲೆ.

7. ಕೊಬ್ಬಿನ ಊಟದಿಂದ ದೂರವಿಡಿ

ಯುಗಾದಿಯ ಹೊಸತೊಡಕು, ಮನೆಯ ಬಾಡೂಟ, ಮದುವೆಯ ಬಿರಿಯಾನಿ: ನಮಗೆ ಹಬ್ಬ, ನಾಯಿಗೆ ಅಪಾಯ. ಮಟನ್ ಕೊಬ್ಬು, ಕೋಳಿಯ ಚರ್ಮ, ಕರಿದ ಎಣ್ಣೆ ಒಮ್ಮೆಲೇ ಹೊಟ್ಟೆಗಿಳಿದರೆ ಭೇದಿಯಲ್ಲಿ ಮುಗಿದರೆ ಪುಣ್ಯ. ಕೆಲವು ನಾಯಿಗಳಲ್ಲಿ ಮೇದೋಜೀರಕ ಗ್ರಂಥಿಯೇ ಊದಿಕೊಳ್ಳುತ್ತದೆ. ಮತ್ತೆ ಮತ್ತೆ ವಾಂತಿ, ಊಟ ಬೇಡವೆನ್ನುವುದು, ಮುಂಗಾಲು ಚಾಚಿ ಎದೆಯನ್ನು ನೆಲಕ್ಕಿಟ್ಟು ಹಿಂಭಾಗ ಎತ್ತಿ ನಿಲ್ಲುವುದು ಇದರ ಲಕ್ಷಣ. ಅಂಥಾಗ ಮನೆಮದ್ದು ಬೇಡ, ನೇರ ಆಸ್ಪತ್ರೆ. ನೆಂಟರಿಗೂ ಮೊದಲೇ ಹೇಳಿಡಿ: ಎಲೆಯಿಂದ ಏನನ್ನೂ ಹಾಕಬೇಡಿ.

8. ಬೆಂದ ಮೂಳೆ ಬೇಡ, ಲಿವರ್‌ಗೆ ಮಿತಿ ಇರಲಿ

ಬೆಂದ ಮೂಳೆ ಚೂಪಾಗಿ ಸೀಳುತ್ತದೆ. ಗಂಟಲಲ್ಲಿ ಸಿಕ್ಕಬಹುದು, ಕರುಳನ್ನು ಚುಚ್ಚಬಹುದು. ಮೂಳೆ ಹೆಚ್ಚು ತಿಂದ ನಾಯಿಯ ಮಲ ಬಿಳಿಚಿ, ಒಣಗಿ, ಮುಟ್ಟಿದರೆ ಪುಡಿಯಾಗುತ್ತದೆ. ಹಾಕುವಾಗ ನಾಯಿ ತಿಣುಕುತ್ತದೆ.

ಕೋಳಿ ಅಂಗಡಿಯಿಂದ ತಲೆ, ಕಾಲು, ಕರುಳು ತಂದು ಹಾಕುವವರು ಬಹಳ. ಹಸಿಯಾಗಿ ಹಾಕಿದರೆ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ನಾಯಿಗೂ ಮನೆಯ ಮಕ್ಕಳಿಗೂ ಅಂಟಬಹುದು. ಪೂರ್ತಿ ಬೇಯಿಸಿ, ಮೂಳೆ ಬಿಡಿಸಿ. ಲಿವರ್ ಪೌಷ್ಟಿಕ ನಿಜ. ಅತಿಯಾದರೆ ಮಲ ಕಪ್ಪಾಗಿ ಸಡಿಲವಾಗುತ್ತದೆ. ದಿನವೂ ಬಟ್ಟಲು ತುಂಬ ಹಾಕುತ್ತಾ ಹೋದರೆ ಮೈಯಲ್ಲಿ ವಿಟಮಿನ್ ಎ ಮಿತಿಮೀರುತ್ತದೆ.

9. ಮಿಕ್ಕ ಸಾರು ಸುರಿಯುವ ಮುನ್ನ ಯೋಚಿಸಿ

ಖಾರ, ಉಪ್ಪು, ಹುಳಿ ಹೊಟ್ಟೆ ಕೆಡಿಸುತ್ತವೆ. ಅದಕ್ಕಿಂತ ಕೆಟ್ಟದ್ದು ಈರುಳ್ಳಿ, ಬೆಳ್ಳುಳ್ಳಿ. ಇವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಒಣಗಿಸಿದರೂ ವಿಷ ಹೋಗದು. ವಸಡು ಬಿಳಿಚುವುದು, ಮೂತ್ರ ಕಂದಾಗುವುದು ಕೆಲವು ದಿನಗಳ ನಂತರ ಕಾಣುವುದರಿಂದ ಸಾರಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಪೆಟ್ಟು. ಚಾಕೊಲೇಟ್ ಹೃದಯಕ್ಕೆ, ನರಗಳಿಗೆ. ಸಕ್ಕರೆರಹಿತ ಚೂಯಿಂಗ್ ಗಮ್ಮಿನ ಕ್ಸೈಲಿಟಾಲ್ ರಕ್ತದ ಸಕ್ಕರೆಯನ್ನು ಥಟ್ಟನೆ ಕುಸಿಯುವಂತೆ ಮಾಡುತ್ತದೆ. ನಾಯಿಯ ಪಾಲನ್ನು ಒಗ್ಗರಣೆಗೆ ಮೊದಲೇ, ಉಪ್ಪು ಖಾರ ಬೀಳುವ ಮೊದಲೇ ತೆಗೆದಿಡುವುದು ಕ್ಷೇಮ.

10. ಹೊಟ್ಟೆ ಕೆಟ್ಟ ದಿನ ಸಪ್ಪೆ ಊಟ

ನಾಯಿ ಲವಲವಿಕೆಯಿಂದಿದೆ, ನೀರು ಕುಡಿಯುತ್ತಿದೆ, ವಾಂತಿಯಿಲ್ಲ, ರಕ್ತವಿಲ್ಲ. ಹಾಗಿದ್ದರೆ ಎರಡು ಮೂರು ದಿನ ಸಪ್ಪೆ ಊಟ ಸಾಕು. ಎರಡು ಪಾಲು ಮೆತ್ತಗೆ ಬೆಂದ ಅನ್ನಕ್ಕೆ ಒಂದು ಪಾಲು ಚರ್ಮ, ಮೂಳೆ ಇಲ್ಲದ ಬೆಂದ ಕೋಳಿ. ಉಪ್ಪಿಲ್ಲ, ಎಣ್ಣೆಯಿಲ್ಲ. ದಿನದ ಊಟವನ್ನು ನಾಲ್ಕು ಸಲಕ್ಕೆ ಹಂಚಿ. ಮಲ ಗಟ್ಟಿಯಾದ ಮೇಲೆ ಮೂರು ನಾಲ್ಕು ದಿನದಲ್ಲಿ ಮಾಮೂಲಿ ಊಟಕ್ಕೆ ಮರಳಿ. ಮರಿಗಳನ್ನು ಉಪವಾಸ ಕೆಡವಬೇಡಿ. ಅವುಗಳ ರಕ್ತದ ಸಕ್ಕರೆ ಬೇಗ ಇಳಿಯುತ್ತದೆ.

ನಿಮ್ಮ ಮಾತ್ರೆ ಡಬ್ಬಿಗೆ ಕೈ ಹಾಕಲೇಬೇಡಿ. ಸಾಧಾರಣ ಭೇದಿಗೆ ಆಂಟಿಬಯೋಟಿಕ್ ಬೇಕಾಗುವುದಿಲ್ಲ. ಸುಮ್ಮನೆ ಕೊಟ್ಟರೆ ಒಳ್ಳೆಯ ಬ್ಯಾಕ್ಟೀರಿಯಾವೂ ಸಾಯುತ್ತವೆ. ನೋವಿನ ಮಾತ್ರೆ ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ. ಭೇದಿ ಕಟ್ಟುವ ಲೋಪೆರಮೈಡ್ ಕೋಲಿ ಜಾತಿಯ ನಾಯಿಗಳಿಗೆ ಪ್ರಾಣಕ್ಕೇ ಅಪಾಯ.

11. ಒಂದು ಸಲಕ್ಕೆ ಒಂದೇ ಬದಲಾವಣೆ

ಒಂದೇ ಆಹಾರ ತಿಂದರೂ ಜರ್ಮನ್ ಶೆಫರ್ಡ್, ಗ್ರೇಟ್ ಡೇನ್‌ನಂಥ ದೊಡ್ಡ ತಳಿಗಳ ಮಲ ಚಿಕ್ಕ ತಳಿಗಳದ್ದಕ್ಕಿಂತ ಮೆತ್ತಗಿರುತ್ತದೆ. ಪಕ್ಕದ ಮನೆಯ ಪಗ್‌ಗೆ ಒಗ್ಗಿದ್ದು ನಿಮ್ಮದಕ್ಕೂ ಒಗ್ಗಬೇಕೆಂದಿಲ್ಲ. ಡೈರಿ ಇಡಿ: ಏನು ತಿಂದಿತು, ಎಷ್ಟು, ಮರುದಿನ ಮಲಕ್ಕೆ ಎಷ್ಟು ಅಂಕ. ಆಹಾರ, ಬಿಸ್ಕತ್ತು, ಟಾನಿಕ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದ್ದೆಂದು ತಿಳಿಯದು.

ಮೂರು ವಾರ ದಾಟಿದ ಭೇದಿಯನ್ನು ವೈದ್ಯರು ದೀರ್ಘಕಾಲದ್ದೆಂದು ಎಣಿಸುತ್ತಾರೆ. ಜಂತುಹುಳ, ಸೋಂಕು ಇಲ್ಲವೆಂದಾದ ಮೇಲೆ ನಾಯಿ ಹಿಂದೆಂದೂ ತಿನ್ನದ ಒಂದು ಪ್ರೋಟೀನ್ ಮಾತ್ರ ಇರುವ ಊಟವನ್ನು ಸೂಚಿಸಬಹುದು. ಊಟವೇ ಕಾರಣವಾಗಿದ್ದರೆ ಬಹುಪಾಲು ಎರಡು ವಾರದಲ್ಲೇ ಸುಧಾರಣೆ ಕಾಣುತ್ತದೆ. ಆ ಎರಡು ವಾರ ಅಜ್ಜಿಯ ಕೈಯಿಂದ ಒಂದು ತುಂಡು ಬಿಸ್ಕತ್ತೂ ಬೀಳಕೂಡದು.

12. ಆಸ್ಪತ್ರೆಗೆ ಹೋಗುವ ಹೊತ್ತು ತಿಳಿದಿರಲಿ

ಡಾಂಬರಿನಂತೆ ಕಪ್ಪಾಗಿ ಅಂಟುವ ಮಲವೆಂದರೆ ಹೊಟ್ಟೆಯಲ್ಲೋ ಸಣ್ಣಕರುಳಿನಲ್ಲೋ ರಕ್ತ ಸೋರುತ್ತಿದೆ. ಕೆಂಪು ರಕ್ತ, ಲೋಳೆ, ಮತ್ತೆ ಮತ್ತೆ ಸ್ವಲ್ಪ ಸ್ವಲ್ಪವೇ ಹಾಕುವುದು ಇದ್ದರೆ ತೊಂದರೆ ದೊಡ್ಡಕರುಳಿನದು. ಬೂದು ಬಣ್ಣದ, ಜಿಡ್ಡಿನ, ರಾಶಿ ಮಲ; ಎಷ್ಟು ತಿಂದರೂ ಸೊರಗುವ ಮೈ: ಮೇದೋಜೀರಕ ರಸವೇ ಸಾಲದಾಗಿರಬಹುದು. ಜರ್ಮನ್ ಶೆಫರ್ಡ್‌ಗಳಲ್ಲಿ ಇದು ಹೆಚ್ಚು. ಬೀಟ್‌ರೂಟ್ ತಿಂದದ್ದಕ್ಕೂ ಮಲ ಕೆಂಪಾಗುತ್ತದೆ. ಗಾಬರಿಗೆ ಮೊದಲು ಡೈರಿ ನೋಡಿ.

ಮರಿಗೆ ವಾಂತಿ, ದುರ್ವಾಸನೆಯ ರಕ್ತಭೇದಿ ಶುರುವಾದರೆ ಪಾರ್ವೊ ಎಂಬ ವೈರಸ್ ಸೋಂಕು ಇರಬಹುದು. ಒಂದು ರಾತ್ರಿ ಕಾದರೂ ತಡವಾಗುತ್ತದೆ. ಆರರಿಂದ ಎಂಟನೇ ವಾರಕ್ಕೆ ಮೊದಲ ಲಸಿಕೆ, ಹದಿನಾರನೇ ವಾರದವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಮುಂದಿನದು ತಪ್ಪದಿರಲಿ. ಜಂತುಹುಳದ ಔಷಧ ಮರಿಗೆ ಎರಡನೇ ವಾರದಿಂದಲೇ ಶುರು. ವಯಸ್ಕ ನಾಯಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ. ಭೇದಿ ಎರಡು ದಿನ ದಾಟಿದರೆ, ನಾಯಿ ಮಂಕಾದರೆ, ಎತ್ತಿ ಬಿಟ್ಟ ಹೆಗಲ ಚರ್ಮ ತಕ್ಷಣ ಹಿಂದಕ್ಕೆ ಕೂರದಿದ್ದರೆ ಹೊರಡಿ. ಅದೇ ದಿನದ ಮಲವನ್ನು ಶುಚಿಯಾದ ಡಬ್ಬಿಯಲ್ಲಿ ಜೊತೆಗೆ ಒಯ್ಯಿರಿ.

ಕೊನೆಗೊಂದು ಮಾತು. ದುಬಾರಿ ಪ್ಯಾಕೆಟ್ ಕೊಂಡ ಮಾತ್ರಕ್ಕೆ ನಾಯಿಯ ಹೊಟ್ಟೆ ನೆಟ್ಟಗಾಗದು, ಅಗ್ಗದ ಅನ್ನ ಹಾಕಿದ ಮಾತ್ರಕ್ಕೆ ಕೆಡುವುದೂ ಇಲ್ಲ. ಹದವಾಗಿ ಬೇಯಿಸಿ, ಅಳೆದು, ಹೊತ್ತಿಗೆ ಸರಿಯಾಗಿ, ಬೇಗ ಬೇಗ ಬದಲಿಸದೆ ಹಾಕಿದ ಊಟವೇ ನಾಯಿಗೆ ಒಗ್ಗುವ ಊಟ. ಇಂದಿನಿಂದಲೇ ಒಂದು ತಕ್ಕಡಿ, ಒಂದು ಡೈರಿ ಇಟ್ಟುಕೊಳ್ಳಿ. ಮಲ ಕೆಟ್ಟ ದಿನ ಹೊಸ ಪ್ಯಾಕೆಟ್ಟಿಗೂ ಮಾತ್ರೆಗೂ ಓಡುವ ಮೊದಲು ಹಿಂದಿನ ಎರಡು ದಿನ ಬಟ್ಟಲಿಗೆ ಏನು ಬಿತ್ತೆಂದು ಮನೆಯವರನ್ನೆಲ್ಲ ಕೂರಿಸಿ ಕೇಳಿ.