‘ಟಾರ್’ ಆದೇಶದ ಪಾಠ: ಟೇಪಿನಿಂದ ಆರಂಭಿಸುವ ಒಂದು ಕ್ರಮ

ವಿಷಯ: ಕಂಪ್ಯೂಟರ್ ವಿಜ್ಞಾನ
ಹಂತ: ಪದವಿಪೂರ್ವ ಮೊದಲ ವರ್ಷ
ಪಾಠಾಂಶ: ಯುನಿಕ್ಸ್ ವ್ಯವಸ್ಥೆಯಲ್ಲಿ ತಂತ್ರಾಂಶ ಹಂಚಿಕೆಯ ಟೇಪ್ ತಯಾರಿಕೆ
ಅವಧಿ: 45 ನಿಮಿಷಗಳ ಎರಡು ಪಾಠಗಳು

1. ಪಾಠ ಎಡವಿದ ಜಾಗ

ಬೋಧನಾಭ್ಯಾಸದ ಅವಧಿಯಲ್ಲಿ ನಾನು ವೀಕ್ಷಿಸಿದ ಒಂದು ಪಾಠದಿಂದ ಆರಂಭಿಸುತ್ತೇನೆ. ಪ್ರಶಿಕ್ಷಣಾರ್ಥಿ ಚೆನ್ನಾಗಿಯೇ ಸಿದ್ಧರಾಗಿ ಬಂದಿದ್ದರು. ಕಪ್ಪುಹಲಗೆಯ ಮೇಲೆ ‘ಟಾರ್’ ಎಂದು ಬರೆದು, ಅದರ ಕೆಳಗೆ ಸಿ, ಎಕ್ಸ್, ಟಿ, ವಿ, ಎಫ್ ಎಂಬ ಅಕ್ಷರಗಳನ್ನೂ ಅವುಗಳ ಕೆಲಸವನ್ನೂ ಪಟ್ಟಿ ಮಾಡಿದರು. ಮಕ್ಕಳು ಬರೆದುಕೊಂಡರು. ಹಿಂದಿನ ಬೆಂಚಿನ ಒಬ್ಬ ಹುಡುಗ, “ಸರ್, ಟಾರ್ ಅಂದ್ರೆ ರಸ್ತೆಗೆ ಹಾಕ್ತಾರಲ್ಲ, ಅದಾ?” ಎಂದು ಕೇಳಿದ. ತರಗತಿ ನಕ್ಕಿತು. ಪ್ರಶಿಕ್ಷಣಾರ್ಥಿ, “ಅಲ್ಲ, ಟೇಪ್ ಆರ್ಕೈವ್ ಎಂಬುದರ ಚಿಕ್ಕ ರೂಪ” ಎಂದರು. ಹುಡುಗ ಬಿಡಲಿಲ್ಲ: “ನಮ್ಮ ಲ್ಯಾಬಿನಲ್ಲಿ ಟೇಪೇ ಇಲ್ವಲ್ಲ ಸರ್, ಮತ್ಯಾಕೆ ಆ ಹೆಸರು?” ಉತ್ತರ ಬರಲಿಲ್ಲ. “ಅದು ಹಳೆಯ ಕಾಲದ್ದು, ಪರೀಕ್ಷೆಗೆ ಬೇಡ” ಎಂದು ಪಾಠ ಮುಂದೆ ಸಾಗಿತು.

ಆ ದಿನದ ಅತ್ಯುತ್ತಮ ಪ್ರಶ್ನೆ ಅದೇ ಆಗಿತ್ತು. ಪಾಠ ಮುಗಿದ ಮೇಲೆ ನಾವಿಬ್ಬರೂ ಕುಳಿತು ಆ ಪ್ರಶ್ನೆಯಿಂದಲೇ ಪಾಠವನ್ನು ಮತ್ತೆ ಕಟ್ಟಿದೆವು. ಮರುವಾರ ಇನ್ನೊಂದು ವಿಭಾಗದಲ್ಲಿ ಅವರು ಅದನ್ನು ಬೋಧಿಸಿದರು. ಆ ಕ್ರಮವನ್ನು ಇಲ್ಲಿ ಕೊಟ್ಟಿದೆ.

2. ಪಾಠದ ಉದ್ದೇಶಗಳು

ಎರಡು ಪಾಠಗಳ ಕೊನೆಗೆ ವಿದ್ಯಾರ್ಥಿಯು:
(ಅ) ಟೇಪ್ ಏಕೆ ಸಾಲಾಗಿ ಮಾತ್ರ ಓದುವ ಮಾಧ್ಯಮ ಎಂಬುದನ್ನು ವಿವರಿಸುತ್ತಾನೆ/ಳೆ;
(ಆ) ಒಂದು ಟಾರ್ ಕಂತೆಯ ಗಾತ್ರವನ್ನು ಮುಂಚಿತವಾಗಿ ಲೆಕ್ಕ ಹಾಕುತ್ತಾನೆ/ಳೆ;
(ಇ) ಪಡೆಯುವವರು ಯಾರ ಸಹಾಯವೂ ಇಲ್ಲದೆ ಬಿಚ್ಚಬಲ್ಲ ಒಂದು ಹಂಚಿಕೆ ಕಂತೆಯನ್ನು ತಯಾರಿಸುತ್ತಾನೆ/ಳೆ.

ಪೂರ್ವಜ್ಞಾನ: ಬೈಟ್, ಫೈಲ್, ಡೈರೆಕ್ಟರಿ, ಆಕ್ಟಲ್ ಸಂಖ್ಯಾ ಪದ್ಧತಿ.

ಬೋಧನೋಪಕರಣಗಳು: ಲಿನಕ್ಸ್ ಇರುವ ಕಂಪ್ಯೂಟರ್‌ಗಳು, ಅರ್ಧ ಇಂಚು ಅಗಲಕ್ಕೆ ಕತ್ತರಿಸಿದ ಕಾಗದದ ಪಟ್ಟಿಗಳು, ಅಳತೆಪಟ್ಟಿ, ಬಣ್ಣದ ಪೆನ್ಸಿಲ್. ಮನೆಯಲ್ಲಿ ಹಳೆಯ ಹಾಡಿನ ಕ್ಯಾಸೆಟ್ ಇದ್ದರೆ ಒಂದನ್ನು ತನ್ನಿ.

3. ಶಿಕ್ಷಕರಿಗೆ ಬೇಕಾದ ವಿಷಯಜ್ಞಾನ

ಜಾಲದ ಮೂಲಕ ತಂತ್ರಾಂಶ ಇಳಿಸಿಕೊಳ್ಳುವ ಸೌಲಭ್ಯ ಸಾಮಾನ್ಯವಾಗುವ ಮೊದಲು ಯುನಿಕ್ಸ್ ತಂತ್ರಾಂಶ ಒಂದೂರಿನಿಂದ ಇನ್ನೊಂದೂರಿಗೆ ಹೋಗುತ್ತಿದ್ದುದು ಹೆಚ್ಚಾಗಿ ಟೇಪಿನ ಸುರುಳಿಯಲ್ಲಿ. 1978ರಲ್ಲಿ ಅಮೆರಿಕದ ಬರ್ಕಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬಿಲ್ ಜಾಯ್ ಎಂಬ ಸ್ನಾತಕೋತ್ತರ ವಿದ್ಯಾರ್ಥಿ ಪ್ಯಾಸ್ಕಲ್ ವ್ಯವಸ್ಥೆಯನ್ನೂ ‘ಇಎಕ್ಸ್’ ಎಂಬ ಸಂಪಾದಕವನ್ನೂ ಟೇಪಿಗೆ ಹಾಕಿ ಸುಮಾರು 30 ಪ್ರತಿಗಳನ್ನು ಕಳುಹಿಸಿದರು. ಅದೇ ಮೊದಲ ‘ಬರ್ಕಲಿ ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್’, ಅಂದರೆ ಬಿಎಸ್‌ಡಿ. 1983ರಲ್ಲಿ ಬಂದ 4.2 ಬಿಎಸ್‌ಡಿಗೆ ಹದಿನೆಂಟು ತಿಂಗಳೊಳಗೆ 1000ಕ್ಕೂ ಹೆಚ್ಚು ಸ್ಥಳಗಳು ಪರವಾನಗಿ ಪಡೆದವು. ‘ಟಾರ್’ ಆದೇಶ ಬಂದದ್ದು ಬೆಲ್ ಲ್ಯಾಬ್ಸ್‌ನ ಯುನಿಕ್ಸ್ ಏಳನೆಯ ಆವೃತ್ತಿಯಲ್ಲಿ, 1979ರಲ್ಲಿ. ಅದಕ್ಕೆ ಮೊದಲು ‘ಟಿಪಿ’ ಎಂಬ ಆದೇಶ ಈ ಕೆಲಸ ಮಾಡುತ್ತಿತ್ತು.

ಆ ಕಾಲದ ಟೇಪ್ ಅರ್ಧ ಇಂಚು ಅಗಲ. ದೊಡ್ಡ ಸುರುಳಿಯಲ್ಲಿ 2400 ಅಡಿ ಉದ್ದ. ಅಗಲದಲ್ಲಿ ಒಂಬತ್ತು ಹಾದಿಗಳು: ಎಂಟು ದತ್ತಾಂಶಕ್ಕೆ, ಒಂದು ತಪ್ಪು ಹಿಡಿಯುವ ಪ್ಯಾರಿಟಿಗೆ. ಆದ್ದರಿಂದ ಟೇಪಿಗೆ ಅಡ್ಡಲಾಗಿ ಒಂದು ಸಾಲು ಎಂದರೆ ಒಂದು ಬೈಟ್. ಸಾಮಾನ್ಯವಾಗಿದ್ದ ಒಂದು ಸಾಂದ್ರತೆಯಲ್ಲಿ ಇಂಚಿಗೆ 1600 ಬೈಟ್ ಹಿಡಿಯುತ್ತಿತ್ತು. ಒಂದು ಬಾರಿಗೆ ಬರೆದ ಭಾಗಕ್ಕೆ ‘ರೆಕಾರ್ಡ್’ ಎಂದು ಹೆಸರು. ಮೋಟರ್ ನಿಂತು ಮತ್ತೆ ವೇಗ ಪಡೆಯಲು ಜಾಗ ಬೇಕು; ಅದಕ್ಕಾಗಿ ಎರಡು ರೆಕಾರ್ಡ್‌ಗಳ ನಡುವೆ 0.6 ಇಂಚು ಖಾಲಿ ಬಿಡಲಾಗುತ್ತಿತ್ತು. ಟಾರ್ ಕಂತೆಯ ಗಾತ್ರದ ಗುಟ್ಟು ಈ ಖಾಲಿ ಜಾಗದಲ್ಲಿದೆ.

4. ಮೊದಲ ಪಾಠ: 10240 ಎಲ್ಲಿಂದ ಬಂತು?

ಪ್ರೇರಣೆ: ಪ್ರತಿ ಗುಂಪೂ 27 ಬೈಟ್‌ಗಳ ಒಂದು ಸಾಲಿನ ಫೈಲನ್ನು ತಯಾರಿಸಲಿ. ‘ಟಾರ್ ಸಿವಿಎಫ್’ ಬಳಸಿ ಅದನ್ನು ಕಂತೆ ಕಟ್ಟಲಿ. ಕಂತೆಯ ಗಾತ್ರವನ್ನು ‘ಎಲ್‌ಎಸ್ -ಎಲ್’ ಆದೇಶದಿಂದ ನೋಡಲಿ. ಲಿನಕ್ಸ್‌ನಲ್ಲಿರುವ ಗ್ನು ಟಾರ್ ತೋರಿಸುವುದು 10240 ಬೈಟ್. 27 ಬೈಟ್ ಒಳಗೆ ಹೋಗಿ 10240 ಹೊರಬಂತು! ಇಲ್ಲಿ ಶಿಕ್ಷಕರು ವಿವರಣೆಗೆ ಇಳಿಯಬಾರದು. “ಉಳಿದ 10213 ಬೈಟ್ ಏನು?” ಎಂದು ಕೇಳಿ ಸುಮ್ಮನಿರಬೇಕು.

ಚಟುವಟಿಕೆ: ಈಗ ಕಾಗದದ ಪಟ್ಟಿ ಹಂಚಿ. ಟಾರ್ ಎಲ್ಲವನ್ನೂ 512 ಬೈಟ್‌ಗಳ ಬ್ಲಾಕ್‌ಗಳಲ್ಲಿ ಅಳೆಯುತ್ತದೆ. 512 ಬೈಟ್ 1600ರ ಸಾಂದ್ರತೆಯಲ್ಲಿ 0.32 ಇಂಚು, ಅಂದರೆ ಸುಮಾರು 8 ಮಿಲಿಮೀಟರ್. ಖಾಲಿ ಜಾಗ 0.6 ಇಂಚು, ಸುಮಾರು 15 ಮಿಲಿಮೀಟರ್. ಇದು ನಿಜವಾದ ಅಳತೆಯ ಮಾದರಿ. ಪ್ರಮಾಣ ಕುಗ್ಗಿಸುವ ಅಗತ್ಯವೇ ಇಲ್ಲ. ಒಂದು ಗುಂಪು 20 ಬ್ಲಾಕ್‌ಗಳನ್ನು ಬಿಡಿಬಿಡಿಯಾಗಿ, ಪ್ರತಿಯೊಂದರ ನಂತರ ಖಾಲಿ ಜಾಗ ಬಿಟ್ಟು ಬಣ್ಣ ಹಚ್ಚಲಿ. ಇನ್ನೊಂದು ಗುಂಪು 20 ಬ್ಲಾಕ್‌ಗಳನ್ನೂ ಒಟ್ಟಿಗೆ ಸೇರಿಸಿ ಕೊನೆಗೊಂದು ಖಾಲಿ ಜಾಗ ಬಿಡಲಿ. ಮೊದಲ ಪಟ್ಟಿ 46 ಸೆಂಟಿಮೀಟರ್ ಆಗುತ್ತದೆ, ಎರಡನೆಯದು 17.5 ಸೆಂಟಿಮೀಟರ್. ಎರಡನ್ನೂ ಹಲಗೆಯ ಮೇಲೆ ಒಂದರ ಕೆಳಗೊಂದು ಅಂಟಿಸಿದರೆ ಹೇಳುವುದು ಹೆಚ್ಚೇನೂ ಉಳಿಯುವುದಿಲ್ಲ.

ಕಪ್ಪುಹಲಗೆ ಕಾರ್ಯ: 2400 ಅಡಿ ಎಂದರೆ 28,800 ಇಂಚು. ಬಿಡಿ ಬ್ಲಾಕ್ ಆದರೆ ಒಂದಕ್ಕೆ 0.92 ಇಂಚು, ಇಡೀ ಸುರುಳಿಯಲ್ಲಿ ಸುಮಾರು 1 ಕೋಟಿ 60 ಲಕ್ಷ ಬೈಟ್. 20 ಬ್ಲಾಕ್ ಒಟ್ಟಿಗೆ ಆದರೆ 7 ಇಂಚಿಗೆ 10240 ಬೈಟ್. ಇಡೀ ಸುರುಳಿಯಲ್ಲಿ ಸುಮಾರು 4 ಕೋಟಿ 21 ಲಕ್ಷ ಬೈಟ್. ಅದೇ ಟೇಪು, ಎರಡೂವರೆ ಪಟ್ಟಿಗಿಂತ ಹೆಚ್ಚು ಸಾಮಾನು. 20 ಬ್ಲಾಕ್ ಸೇರಿದರೆ ಒಂದು ರೆಕಾರ್ಡ್ ಎಂಬುದು ಟಾರ್‌ನ ರೂಢಿಯ ಲೆಕ್ಕ. ಟೇಪ್ ಹೋಗಿದೆ, ಲೆಕ್ಕ ಉಳಿದಿದೆ.

ಇನ್ನು ಆ 20 ಬ್ಲಾಕ್‌ಗಳ ಒಳಗೆ ಏನಿದೆ? ಮೊದಲನೆಯದು ಶಿರೋಭಾಗ. ಅದರಲ್ಲಿ ಫೈಲಿನ ಹೆಸರಿಗೆ 100 ಬೈಟ್, ಗಾತ್ರಕ್ಕೆ 12 ಬೈಟ್ ಜಾಗ; ಅನುಮತಿ, ಮಾಲೀಕ, ಬದಲಾದ ಸಮಯ, ತಪ್ಪು ಪತ್ತೆಯ ಮೊತ್ತ ಇವೂ ಇವೆ. ಸಂಖ್ಯೆಗಳನ್ನು ಆಕ್ಟಲ್ ಅಂಕಿಗಳ ಅಕ್ಷರಗಳಾಗಿಯೇ ಬರೆದಿರುತ್ತದೆ. 27 ಎಂಬುದು ಅಲ್ಲಿ 00000000033 ಎಂದು ಕಾಣುತ್ತದೆ. ಬೇರೆ ಬೇರೆ ಯಂತ್ರಗಳು ಒಂದೇ ಸಂಖ್ಯೆಯ ಬೈಟ್‌ಗಳನ್ನು ಬೇರೆ ಬೇರೆ ಕ್ರಮದಲ್ಲಿ ಇಟ್ಟುಕೊಳ್ಳುತ್ತವೆ. ಅಕ್ಷರಗಳಾಗಿ ಬರೆದರೆ ಆ ಗೊಂದಲವಿಲ್ಲ. ಎರಡನೆಯ ಬ್ಲಾಕಿನಲ್ಲಿ ನಮ್ಮ 27 ಬೈಟ್, ಮಿಕ್ಕದ್ದು ಸೊನ್ನೆ. ಕೊನೆಯಾಯಿತು ಎಂದು ಹೇಳಲು ಸೊನ್ನೆಗಳ ಎರಡು ಬ್ಲಾಕ್. ಒಟ್ಟು 4 ಬ್ಲಾಕ್, 2048 ಬೈಟ್. ರೆಕಾರ್ಡ್ ತುಂಬಲು ಉಳಿದ 16 ಬ್ಲಾಕ್‌ಗಳೂ ಸೊನ್ನೆ.

ಅನ್ವಯ: “ಇಂಥ 9 ಫೈಲ್ ಕಟ್ಟಿದರೆ ಎಷ್ಟು? 10 ಆದರೆ?” ಮೊದಲು ಬರೆಯಲಿ, ಆಮೇಲೆ ಮಾಡಿ ನೋಡಲಿ. 9 ಫೈಲಿಗೆ 18 ಬ್ಲಾಕ್, ಕೊನೆಯ 2 ಸೇರಿ ಸರಿಯಾಗಿ 20, ಗಾತ್ರ 10240. ಹತ್ತನೆಯದು ಬಂದ ಕೂಡಲೇ 20480. ನಮ್ಮ ತರಗತಿಯಲ್ಲಿ ಒಂದು ಗುಂಪಿಗೆ 9ಕ್ಕೇ 20480 ಬಂತು. ಅವರು ಫೈಲ್‌ಗಳ ಹೆಸರಿನ ಬದಲು ಡೈರೆಕ್ಟರಿಯ ಹೆಸರು ಕೊಟ್ಟಿದ್ದರು; ಅದಕ್ಕೂ ಒಂದು ಶಿರೋಭಾಗ ಸೇರಿ 21 ಆಗಿತ್ತು. ಆ ತಪ್ಪನ್ನು ಹುಡುಕಿದ್ದು ಪಕ್ಕದ ಗುಂಪಿನ ಹುಡುಗಿ. ಪ್ರಶಿಕ್ಷಣಾರ್ಥಿ ಅವಸರಪಟ್ಟು ಉತ್ತರ ಹೇಳದಿದ್ದುದು ಆ ದಿನದ ಅವರ ಗೆಲುವು.

5. ಎರಡನೆಯ ಪಾಠ: ಪಡೆಯುವವರಿಗಾಗಿ ಟೇಪ್

ಇಲ್ಲಿ ಶಿಕ್ಷಕರು ಕೆಲಸದ ಕ್ರಮವನ್ನು ಕಥೆಯಂತೆ ಹೇಳಬಹುದು. ಸುರುಳಿಯ ಹಿಂಬದಿಯ ತೋಡಿಗೆ ಪ್ಲಾಸ್ಟಿಕ್ ಬಳೆಯೊಂದನ್ನು ಹಾಕಬೇಕು. ಬಳೆ ಇಲ್ಲದ ಟೇಪಿನ ಮೇಲೆ ಯಂತ್ರ ಬರೆಯುವುದಿಲ್ಲ. ನಂತರ ಟೇಪನ್ನು ಆರಂಭಕ್ಕೆ ಸುತ್ತಬೇಕು. ಕಳುಹಿಸಬೇಕಾದ ಡೈರೆಕ್ಟರಿಯ ಒಳಗೆ ಹೋಗಿ, ಅಲ್ಲಿಂದ ಕಂತೆ ಕಟ್ಟಬೇಕು. ಒಂದೇ ಟೇಪಿನಲ್ಲಿ ಹಲವು ಕಂತೆಗಳಿರಬಹುದು; ಪ್ರತಿ ಕಂತೆಯ ಕೊನೆಗೆ ಯಂತ್ರ ಒಂದು ಟೇಪ್ ಗುರುತು ಹಾಕುತ್ತದೆ. ಬರ್ಕಲಿಯ ದೊಡ್ಡ ಹಂಚಿಕೆಗಳಲ್ಲಿ ಮೊದಲು ಯಂತ್ರವನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮ್‌ಗಳು, ಆಮೇಲೆ ಒಂದು ಕಿರು ಮೂಲ ವ್ಯವಸ್ಥೆ, ಅದರ ನಂತರ ಉಳಿದ ದೊಡ್ಡ ಕಂತೆಗಳು. ಟೇಪಿನಲ್ಲಿ ಹಿಂದೆ ಮುಂದೆ ಹಾರಲು ಬಾರದು. ಮೊದಲು ಬೇಕಾದದ್ದು ಮೊದಲೇ ಇರಬೇಕು. ಕ್ಯಾಸೆಟ್ ತೋರಿಸಬೇಕಾದದ್ದು ಈ ಹಂತದಲ್ಲಿ.

ಮೂರು ತಪ್ಪುಗಳನ್ನು ಪ್ರಶ್ನೆಗಳಾಗಿ ಮುಂದಿಡಿ.

ಒಂದು: ಲಿನಕ್ಸ್‌ನಲ್ಲಿ ಒಂದೇ ಟೇಪ್ ಯಂತ್ರಕ್ಕೆ ‘ಎಸ್‌ಟಿ0’, ‘ಎನ್‌ಎಸ್‌ಟಿ0’ ಎಂದು ಎರಡು ಹೆಸರು. ಮೊದಲನೆಯದರಲ್ಲಿ ಕೆಲಸ ಮುಗಿದೊಡನೆ ಟೇಪ್ ಆರಂಭಕ್ಕೆ ಸುತ್ತಿಕೊಳ್ಳುತ್ತದೆ. ಎರಡನೆಯದರಲ್ಲಿ ಇದ್ದಲ್ಲೇ ನಿಲ್ಲುತ್ತದೆ. ಮೊದಲ ಹೆಸರಿಗೆ ಎರಡು ಕಂತೆ ಬರೆದರೆ ಏನಾಗುತ್ತದೆ? ಎರಡನೆಯದು ಮೊದಲನೆಯದರ ಮೇಲೆಯೇ ಕೂರುತ್ತದೆ. ತಪ್ಪಿನ ಸೂಚನೆ ಏನೂ ಬರುವುದಿಲ್ಲ.

ಎರಡು: ಹೆಸರುಗಳು ಓರೆಗೆರೆಯಿಂದ ಶುರುವಾದರೆ, ಅಂದರೆ ಬೇರಿನಿಂದ ಪೂರ್ಣ ದಾರಿ ಬರೆದಿದ್ದರೆ? ಹಳೆಯ ಟಾರ್ ಪಡೆಯುವವರ ಯಂತ್ರದಲ್ಲೂ ಅದೇ ಜಾಗಕ್ಕೆ ಬಿಚ್ಚುತ್ತಿತ್ತು. ಅಲ್ಲಿ ಅದೇ ಹೆಸರಿನ ಅವರ ಸ್ವಂತ ಫೈಲ್ ಇದ್ದರೆ ಅದು ಹೋಯಿತು. ಗ್ನು ಟಾರ್ ಈಗ ಆ ಓರೆಗೆರೆಯನ್ನು ತಾನೇ ತೆಗೆದು, ತೆಗೆದೆ ಎಂದು ಹೇಳುತ್ತದೆ. ಆ ಸಂದೇಶವನ್ನು ಮಕ್ಕಳಿಗೆ ತೋರಿಸಿ. ಆದರೆ ಈ ಪ್ರಯೋಗವನ್ನು ವ್ಯವಸ್ಥಾಪಕರ ಖಾತೆಯಲ್ಲಿ ಯಾವತ್ತೂ ಮಾಡಬೇಡಿ.

ಮೂರು: ಬರೆದ ಯಂತ್ರದಲ್ಲೇ ಓದಿ ನೋಡಿದರೆ ಸಾಕೇ? ಯಂತ್ರದ ಓದುವ ತಲೆ ಸ್ವಲ್ಪ ವಾಲಿದ್ದರೆ, ಬರೆದದ್ದು ಆ ಯಂತ್ರಕ್ಕೆ ಮಾತ್ರ ಓದಲು ಬರಬಹುದು. ಸಾಧ್ಯವಾದರೆ ಬೇರೆ ಯಂತ್ರದಲ್ಲಿ ಪಟ್ಟಿ ತೆಗೆದು ನೋಡಿ, ಆಮೇಲೆ ಬಳೆ ತೆಗೆದು, ಚೀಟಿ ಅಂಟಿಸಬೇಕು. ಚೀಟಿಯಲ್ಲಿ ತಂತ್ರಾಂಶದ ಹೆಸರು, ದಿನಾಂಕ, ಸಾಂದ್ರತೆ, ರೆಕಾರ್ಡಿಗೆ ಎಷ್ಟು ಬ್ಲಾಕ್, ಎಷ್ಟನೆಯ ಕಂತೆಯಲ್ಲಿ ಏನಿದೆ ಎಂಬುದು ಇರಬೇಕು. ಇದು ತಿಳಿಯದವರು ಟೇಪ್ ಕೈಯಲ್ಲಿದ್ದರೂ ತಡಕಾಡಬೇಕಾಗುತ್ತದೆ.

6. ಮೌಲ್ಯಮಾಪನ: ಮಾತಿಲ್ಲದ ವಿನಿಮಯ

ಪ್ರತಿ ಗುಂಪೂ ಮೂರು ನಾಲ್ಕು ಫೈಲ್‌ಗಳ ಒಂದು ಪುಟ್ಟ ಕೃತಿಯನ್ನು ಕಂತೆ ಕಟ್ಟಿ, ಚೀಟಿ ಬರೆದು, ಇನ್ನೊಂದು ಗುಂಪಿಗೆ ಕೊಡಬೇಕು. ಪಡೆದವರು ಕೊಟ್ಟವರನ್ನು ಏನೂ ಕೇಳುವಂತಿಲ್ಲ. ಮೊದಲು ‘ಟಿ’ ಅಕ್ಷರದಿಂದ ಪಟ್ಟಿ ನೋಡಿ, ಖಾಲಿ ಡೈರೆಕ್ಟರಿಯಲ್ಲಿ ಬಿಚ್ಚಿ, ಪ್ರೋಗ್ರಾಮ್ ಓಡಿಸಬೇಕು. ಓಡಿದರೆ ಅಂಕ ಕಟ್ಟಿದವರಿಗೆ.

ನಮ್ಮಲ್ಲಿ ಆರು ಗುಂಪುಗಳ ಪೈಕಿ ಎರಡರದು ಮಾತ್ರ ಮೊದಲ ಸಲಕ್ಕೆ ಓಡಿತು. ಒಂದು ಗುಂಪು ದತ್ತಾಂಶದ ಫೈಲ್ ಮರೆತಿತ್ತು. ಇನ್ನೊಂದರ ಪ್ರೋಗ್ರಾಮ್ ಅವರದೇ ಖಾತೆಯ ದಾರಿಯನ್ನು ಹುಡುಕುತ್ತಿತ್ತು. ಮೂರನೆಯದರಲ್ಲಿ ಹೇಗೆ ಓಡಿಸಬೇಕು ಎಂಬ ಬರಹವೇ ಇರಲಿಲ್ಲ. ನಾಲ್ಕನೆಯದು ಖಾಲಿ ಕಂತೆ. “ನಮ್ಮ ಕಂಪ್ಯೂಟರ್‌ನಲ್ಲಿ ಓಡ್ತಿತ್ತು ಮೇಡಂ” ಎಂದು ಎಲ್ಲರೂ ಹೇಳಿದರು. ಅದು ನಿಜ. ಕಳುಹಿಸಿದ್ದು ಬೇರೆಯವರ ಕಂಪ್ಯೂಟರಿಗೆ ಎಂಬುದೂ ನಿಜ. ಎರಡನೆಯ ಸುತ್ತಿನಲ್ಲಿ ಐದು ಕಂತೆಗಳು ಓಡಿದವು.

7. ವೀಕ್ಷಕರಿಗೂ ಪ್ರಶಿಕ್ಷಣಾರ್ಥಿಗಳಿಗೂ

ಈ ಪಾಠವನ್ನು ಇತಿಹಾಸದ ಪಾಠವಾಗಿ ಮಾಡಬೇಡಿ. ಹೆಸರು, ಇಸವಿಗಳಿಗೆ ಐದು ನಿಮಿಷ ಸಾಕು. ಕಾಗದದ ಪಟ್ಟಿಯ ಚಟುವಟಿಕೆಗೆ ಹದಿನೈದು ನಿಮಿಷ ಮೀಸಲಿಡಿ. ಲ್ಯಾಬ್ ಇಲ್ಲದ ಕಡೆ ಅದೊಂದರಿಂದಲೇ ಮೊದಲ ಪಾಠದ ಮುಕ್ಕಾಲು ಭಾಗ ಆಗುತ್ತದೆ. ಆದೇಶದ ಅಕ್ಷರಗಳನ್ನು ಪ್ರತ್ಯೇಕವಾಗಿ ಬಾಯಿಪಾಠ ಮಾಡಿಸಬೇಡಿ; ಕಟ್ಟು, ನೋಡು, ಬಿಚ್ಚು ಎಂದು ಕೆಲಸ ಮಾಡುವಾಗ ಅವು ತಾವಾಗಿ ಬರುತ್ತವೆ. ವೀಕ್ಷಣಾ ಹಾಳೆಯಲ್ಲಿ “ವಿದ್ಯಾರ್ಥಿಯ ಪ್ರಶ್ನೆಯನ್ನು ಹೇಗೆ ಬಳಸಿಕೊಂಡರು?” ಎಂಬ ಒಂದು ಸಾಲು ಸೇರಿಸಿಕೊಳ್ಳುವಂತೆ ಸಹೋದ್ಯೋಗಿಗಳಲ್ಲಿ ವಿನಂತಿ.

ಗೃಹಪಾಠ: 600 ಬೈಟ್‌ಗಳ ಒಂದು ಮತ್ತು 27 ಬೈಟ್‌ಗಳ ಎಂಟು ಫೈಲ್‌ಗಳನ್ನು ಕಟ್ಟಿದರೆ ಕಂತೆಯ ಗಾತ್ರ ಎಷ್ಟು? ಲೆಕ್ಕ ಬರೆದು, ಮರುದಿನ ಲ್ಯಾಬಿನಲ್ಲಿ ಪರೀಕ್ಷಿಸಿ. (ಉತ್ತರ: 3 + 16 + 2 = 21 ಬ್ಲಾಕ್; ಆದ್ದರಿಂದ 20480.)

ಟಾರ್ ರಸ್ತೆಯದಾ ಎಂದು ಕೇಳಿದ ಹುಡುಗನ ವಿಭಾಗಕ್ಕೆ ಈ ಪಾಠ ಆಗಿರಲಿಲ್ಲ. ಬೋಧನಾಭ್ಯಾಸದ ಕೊನೆಯ ದಿನ ಪ್ರಶಿಕ್ಷಣಾರ್ಥಿ ಆ ಎರಡು ಕಾಗದದ ಪಟ್ಟಿಗಳನ್ನು ತೆಗೆದುಕೊಂಡು ಹೋಗಿ ಅವನಿಗೆ ತೋರಿಸಿ, ಅವನ ಪ್ರಶ್ನೆಗೆ ಉತ್ತರ ಕೊಟ್ಟು ಬಂದರು.